ಆರರಲ್ಲೇ ನಿಂತ ಪಟ್ಟಿ

ಪಟ್ಟಿ ಕುಸಿದದ್ದನ್ನು ಕಂಡ ಕೂಡಲೇ ರುಸುದಾನ್ ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಳು, ನೋಡದಿದ್ದರೆ ಆದದ್ದು ಆಗದೆ ಹೋಗುತ್ತದೆ ಎಂಬಂತೆ. ಒಂದು ಉಸಿರೆಳೆದುಕೊಂಡು ಮತ್ತೆ ತಿರುಗಿಸಿದಳು. ಆಗಿಯೇ ಹೋಗಿತ್ತು. ಬೆಳಗಿನಿಂದ ಪರದೆಯ ಅಂಚಿನಲ್ಲಿ ಬಿಳಿಯೂ ಕಪ್ಪೂ ಸಮಸಮವಾಗಿ ನಿಂತಿದ್ದ ಪಟ್ಟಿಯಲ್ಲಿ ಈಗ ಕಪ್ಪು ಮೇಲ್ತುದಿಯಲ್ಲಿ ಉಗುರಿನಷ್ಟು ಉಳಿದಿತ್ತು. ಪಕ್ಕದಲ್ಲಿ ಆರು ಎಂಬ ಅಂಕಿ. ಕಪ್ಪು ಕಾಯಿ ಆಡುತ್ತಿದ್ದವಳು ಅವಳ ಮಗಳು ಕೇತೋ. ಮಗಳ ಮಂತ್ರಿ ಹೋಗಿತ್ತು, ಬದಲಿಗೆ ಸಿಕ್ಕಿದ್ದು ಬರೀ ಒಂದು ಆನೆ.

ಕುತೈಸಿ ಊರಿನ ಚೆಸ್ ಮನೆಯ ಹಜಾರದಲ್ಲಿ ಹಾಗೆ ಫೋನು ಹಿಡಿದು ಕೂತಿದ್ದ ಅಪ್ಪ ಅಮ್ಮಂದಿರು ಬೆಂಚಿನ ತುಂಬ ಇದ್ದರು. ಗಾಜಿನ ಬಾಗಿಲಿನ ಆಚೆ ಹನ್ನೆರಡು ವರ್ಷದೊಳಗಿನ ಹೆಣ್ಣುಮಕ್ಕಳ ರಾಷ್ಟ್ರೀಯ ಪಂದ್ಯದ ಕೊನೆಯ ಸುತ್ತು ನಡೆಯುತ್ತಿತ್ತು. ಒಳಗೆ ಹೋಗುವಂತಿಲ್ಲ. ಆದರೆ ಪ್ರತಿ ನಡೆಯೂ ಫೋನಿಗೆ ಬರುತ್ತಿತ್ತು, ಜೊತೆಗೆ ಆ ನಡೆಯ ಮೇಲೆ ಚೆಸ್ ಎಂಜಿನ್, ಅಂದರೆ ಆಟ ಲೆಕ್ಕಹಾಕುವ ಕಂಪ್ಯೂಟರು, ಕೊಡುವ ತೀರ್ಪೂ: ಯಾರು ಎಷ್ಟು ಕಾಲಾಳಿನಷ್ಟು ಮುಂದಿದ್ದಾರೆ ಎಂದು. ಕೇತೋಗೆ ಬೇಕಿದ್ದದ್ದು ಅರ್ಧ ಅಂಕ. ಡ್ರಾ ಆದರೆ ಸಾಕು, ದೇಶದ ತಂಡದಲ್ಲಿ ಉಳಿದಿದ್ದ ಒಂದೇ ಜಾಗ ಅವಳದು. ಸೋತರೆ ಅದು ಎದುರು ಕೂತ ಬತೂಮಿಯ ತೆಕ್ಲಾಗೆ. ಮುಂದಿನ ವರ್ಷಕ್ಕೆ ಇಬ್ಬರೂ ಈ ವಯಸ್ಸು ದಾಟಿರುತ್ತಾರೆ.

ರುಸುದಾನ್ ಹುಟ್ಟಿ ಬೆಳೆದದ್ದು ರಾಜಧಾನಿ ತ್ಬಿಲಿಸಿಯಲ್ಲಿ, ಓದಿದ್ದೂ ಅಲ್ಲೇ. ಮದುವೆಯಾಗಿ ಕುತೈಸಿಗೆ ಬಂದು ಒಂದು ಆಸ್ಪತ್ರೆಯ ರಕ್ತಪರೀಕ್ಷೆ ಲ್ಯಾಬಿಗೆ ಸೇರಿದಳು. ಗಂಡ ಜಾಜಾ ಸಮುದ್ರದ ಕಡೆಯ ದಾರಿಯಲ್ಲಿ ಮಿನಿಬಸ್ಸು ಓಡಿಸುತ್ತಾನೆ, ಯಾವುದಕ್ಕೂ ತಲೆ ಕೆಡಿಸಿಕೊಳ್ಳುವವನಲ್ಲ. ಅವನ ಪಾಲಿನ ಚಿಂತೆಯನ್ನೂ ಇವಳೇ ಮಾಡುತ್ತಾಳೆ. ಕೇತೋಗೆ ಮೂರು ವರ್ಷವಿದ್ದಾಗ ಉಬ್ಬಸ ಶುರುವಾಯಿತು. ಅಲ್ಲಿಂದ ರುಸುದಾನಳ ಬದುಕೆಲ್ಲ ಅಳೆಯುವುದರಲ್ಲೇ ಕಳೆಯಿತು. ಜ್ವರ ಅಳೆ, ಉಸಿರು ಅಳೆ, ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ಆಮ್ಲಜನಕ ಅಳೆ. ಕಿಟಕಿ ತೆಗೆದರೆ ಚಳಿ, ಮುಚ್ಚಿದರೆ ಧೂಳು. ಓಡಬೇಡ, ಬೆವರಬೇಡ, ಪಕ್ಕದ ಮನೆಯ ಬೆಕ್ಕನ್ನು ಮುಟ್ಟಬೇಡ. ಹಾಗಾದರೆ ಆ ಮಗು ಮಾಡಬೇಕಾದ್ದಾದರೂ ಏನು ಎಂದು ರೇಗಿ, ಅತ್ತೆ ದೊದೊ ತಾನು ಮದುವೆಯಲ್ಲಿ ತವರಿನಿಂದ ತಂದಿದ್ದ ಚೆಸ್ ಹಲಗೆಯನ್ನು ಕಪಾಟಿನ ಮೇಲಿಂದ ಇಳಿಸಿ ಮೊಮ್ಮಗಳ ಮುಂದೆ ಹರಡಿದ್ದಳು. ಕೂತೇ ಆಡುವ ಆಟ, ಉಸಿರಿನ ಖರ್ಚಿಲ್ಲ ಎಂದು ರುಸುದಾನ್‌ಗೂ ಆಗ ನೆಮ್ಮದಿಯಾಗಿತ್ತು. ಎಂಥ ತಪ್ಪು ತಿಳಿವಳಿಕೆ. ಪಂದ್ಯದ ದಿನ ಆ ಹುಡುಗಿ ಉಸಿರಾಡುವುದನ್ನೇ ಮರೆತು ಕೂರುತ್ತಿದ್ದಳು.

ರುಸುದಾನ್‌ಗೆ ಸ್ವತಃ ಗೊತ್ತಿದ್ದದ್ದು ಕಾಯಿಗಳ ನಡಿಗೆ ಮಾತ್ರ. ಅತ್ತೆಯ ಎದುರು ಕೂತರೆ ಚಹಾ ಆರುವುದರೊಳಗೆ ಸೋತು ಎದ್ದುಬಿಡುತ್ತಿದ್ದಳು. ಹಾಗಾಗಿ ಹಲಗೆಯ ಚಿತ್ರ ಅವಳಿಗೆ ಬರೀ ಚಿತ್ರ. ಪಟ್ಟಿ ಹಾಗಲ್ಲ, ಅದು ಲ್ಯಾಬಿನ ವರದಿಯಷ್ಟೇ ಸಲೀಸು: ಮಾಮೂಲಾಗಿ ಇರಬೇಕಾದ್ದು ಇಷ್ಟು, ಈ ರೋಗಿಗೆ ಇರುವುದು ಇಷ್ಟು. ಬರಬರುತ್ತ ಅವಳು ಹಲಗೆಯನ್ನು ನೋಡುವುದನ್ನೇ ಬಿಟ್ಟಿದ್ದಳು. ಅವಳೊಬ್ಬಳೇನಲ್ಲ. ಬೆಂಚಿನ ಮೇಲಿದ್ದ ಎಲ್ಲರೂ ಒಳಗೆ ಮಕ್ಕಳು ಆಡುತ್ತಿದ್ದಾರೆ ಎಂಬುದನ್ನು ಮರೆತು, ಒಂದು ಬಿಳಿ ಕಪ್ಪು ಪಟ್ಟಿ ಏರಿ ಇಳಿಯುವುದನ್ನು ಬಾಯಿ ಒಣಗಿಸಿಕೊಂಡು ನೋಡುತ್ತಿದ್ದರು. ಏರಿದರೆ ಮಗಳು ಜಾಣೆ, ಇಳಿದರೆ ಮನೆಗೆ ಹೋದಮೇಲೆ ಇದೆ ಅವಳಿಗೆ.

ಒಳಗಿಂದ ಕೆಮ್ಮು ಕೇಳಿಸಿತು.

ನೂರು ಮಕ್ಕಳು ಒಟ್ಟಿಗೆ ಕೆಮ್ಮಿದರೂ ತನ್ನ ಮಗಳದು ಯಾವುದೆಂದು ಹೇಳಬಲ್ಲವಳು ರುಸುದಾನ್. ಎದ್ದು ಗಾಜಿಗೆ ಹಣೆ ಹಚ್ಚಿದಳು. ಕೇತೋ ಕೂತಿದ್ದದ್ದು ದೂರದ ಗೋಡೆಯ ಹತ್ತಿರ, ಬೆನ್ನು ಅರ್ಧ ಈ ಕಡೆಗೆ. ಆ ವಾರ ಕಟ್ಟಡದ ಬಿಸಿನೀರಿನ ಕೊಳವೆ ಒಡೆದು ಒಳಗೆಲ್ಲ ಚಳಿ, ಗೋಡೆಗಳಲ್ಲಿ ತೇವ. ಬೆಳಿಗ್ಗೆ ಹೊರಡುವ ಮುಂಚೆ ಮಗಳ ಬೆನ್ನಿಗೆ ಕಿವಿಯಿಟ್ಟು ಕೇಳಿದ್ದಳು; ಸಿಳ್ಳೆಯ ಸದ್ದಿರಲಿಲ್ಲ. ಉಸಿರಿನ ಜೊತೆ ಮದ್ದು ಎಳೆದುಕೊಳ್ಳುವ ಪಂಪು ತೀರ್ಪುಗಾರರ ಮೇಜಿನ ಮೇಲೇ ಇತ್ತು. ಇಷ್ಟೆಲ್ಲ ಮಾಡಿಯೂ ಏನೋ ಒಂದನ್ನು ಮಾಡಿಲ್ಲ ಎಂಬ ಅಳುಕು ಹೋಗಲಿಲ್ಲ.

ಬೆಂಚಿನ ತುದಿಯಲ್ಲಿ ತೆಕ್ಲಾಳ ಅಪ್ಪ ಗೋಚಾ ಕಾಲು ಚಾಚಿ ಕೂತಿದ್ದ. ದೊಡ್ಡ ಮೈ, ದೊಡ್ಡ ದನಿ, ಬತೂಮಿಯಿಂದ ತಂದಿದ್ದ ಒಂದು ಚೀಲ ಅಕ್ರೋಟನ್ನು ಬೆಳಗಿನಿಂದ ಎಲ್ಲರಿಗೂ ಬೇಡವೆಂದರೂ ಹಂಚುತ್ತಿದ್ದ. ಕೆಟ್ಟವನೇನಲ್ಲ. ಗೆಲ್ಲುತ್ತಿರುವಾಗ ಬಾಯಿ ಮುಚ್ಚಿಕೊಂಡಿರಲು ಬರುತ್ತಿರಲಿಲ್ಲ, ಅಷ್ಟೇ.

"ಬನ್ನಿ ಕೂತ್ಕೊಳಿ ತಾಯಿ, ಗಾಜು ಒಡೆದೀತು," ಅಂದ. "ನಿಮ್ಮ ಹುಡ್ಗಿ ಭಾರಿ ಗಟ್ಟಿ. ಮನೇನೇ ಬಿದ್ದೋಗಿದೆ, ಇವ್ಳು ಇನ್ನೂ ಬಾಗ್ಲಿಗೆ ಚಿಲಕ ಹಾಕ್ತಾ ತೆಗೀತಾ ಕೂತಿದಾಳೆ."

ಪಕ್ಕದ ಇಬ್ಬರು ನಕ್ಕರು. ರುಸುದಾನ್ ನಗಲು ನೋಡಿದಳು, ಮುಖ ಒಪ್ಪಲಿಲ್ಲ. ಅವನು ಹೇಳಿದ್ದು ಕೇತೋಳ ಆನೆಯ ವಿಷಯ. ನಡೆಗಳ ಸಾಲಿನಲ್ಲಿ ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಂದು ಬರುತ್ತಲೇ ಇತ್ತು. ಈ ಊರಿನಲ್ಲಿ ಸೋತ ಆಟವನ್ನು ಎಳೆಯುವುದು ಒಳ್ಳೆಯ ಮನೆತನದ ಲಕ್ಷಣವಲ್ಲ. ಸೋತೆ ಎಂದು ತಿಳಿದರೆ ಕೈಕೊಟ್ಟು ಎದ್ದುಬಿಡಬೇಕು. ಮಕ್ಕಳಿಗೆ ಕಾಯಿಗಳ ಹೆಸರಿನ ಜೊತೆಗೇ ಅದನ್ನೂ ಕಲಿಸುತ್ತಾರೆ. ನನ್ನ ಮಗಳಿಗೆ ನಾನೇ ಕಲಿಸಲಿಲ್ಲ ಅಂದುಕೊಳ್ಳುತ್ತಿದ್ದಾರೆ ಇವರೆಲ್ಲ ಎಂದು ರುಸುದಾನಳ ಕಿವಿ ಬಿಸಿಯಾಯಿತು.

ಕೇತೋಗೆ ಆಟ ಕಲಿಸುವ ದಾರೆಜಾನ್ ಟೀಚರು ಅವತ್ತು ದೊಡ್ಡ ಹುಡುಗಿಯರ ಜೊತೆ ಬೇರೆ ಊರಿನಲ್ಲಿದ್ದರು. ರುಸುದಾನ್ ಮೂಲೆಗೆ ಹೋಗಿ ಅವರಿಗೆ ಫೋನು ಮಾಡಿದಳು. ಆ ಕಡೆ ಬಸ್ಸಿನ ಗದ್ದಲ, ಹುಡುಗಿಯರ ಹಾಡು. ಕೆಮ್ಮುತ್ತಿದ್ದಾಳೆ, ಮಂತ್ರಿ ಹೋಯಿತು ಎಂದು ಹೇಳಿ ಮುಗಿಸುವುದರೊಳಗೆ ಟೀಚರು ಕೇಳಿದರು.

"ಪಟ್ಟಿ ಎಷ್ಟು ಹೇಳ್ತಿದೆ?"

"ಆರು."

"ಆರಾ?" ಟೀಚರು ಮುದ್ದಿನ ಹೆಸರು ಹಿಡಿದು ಕರೆದರು. "ಆರಾದ್ರೆ ಮುಗೀತು ರುಸಿಕೋ. ಕೆಮ್ಮು ಬೇರೆ ಅಂತೀಯ. ಎಬ್ಬಿಸ್ಕೊಂಡು ಮನೆಗೆ ಹೋಗು, ಬಿಸಿಬಿಸಿಯಾಗಿ ಏನಾದ್ರೂ ಕೊಡು. ಬೈಬೇಡ ಅವ್ಳಿಗೆ."

ಲೈನು ಹೋಯಿತು. ಯಾವ ಕಾಯಿ ಎಲ್ಲಿ ನಿಂತಿದೆ ಎಂದು ಟೀಚರು ಕೇಳಲಿಲ್ಲ. ಹೇಳಬೇಕೆಂದು ಇವಳಿಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಎರಡನೇ ಕೆಮ್ಮು. ಮೊದಲನೆಯದಕ್ಕಿಂತ ಜೋರು, ಎಳೆದು ಎಳೆದು ಬಂದದ್ದು. ಗಾಜಿನಾಚೆ ಕೇತೋ ಕೆಮ್ಮುತ್ತಲೇ ಒಮ್ಮೆ ಬಾಗಿಲ ಕಡೆ ತಿರುಗಿದಳು. ಅಷ್ಟು ದೂರದಿಂದ ಮುಖ ಸರಿಯಾಗಿ ಕಾಣಲಿಲ್ಲ. ಬಾಗಿಲು ತೆರೆದು ಮುಖ್ಯ ತೀರ್ಪುಗಾರ ವಖ್ತಾಂಗ್ ಹೊರಬಂದರು, ಬಾಗಿಲನ್ನು ಸದ್ದಾಗದಂತೆ ಹಿಂದಕ್ಕೆ ಎಳೆದುಕೊಂಡರು. ಒಣಕಲು ಮೈಯ ಹಿರಿಯರು, ಕೋಟಿನ ಮೇಲೊಂದು ಸ್ವೆಟರು.

ಮಗು ಪಂಪು ತೆಗೆದುಕೊಂಡಿದ್ದಾಳೆ, ಆದರೂ ಕೆಮ್ಮುತ್ತಿದ್ದಾಳೆ ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. ನಿಯಮದ ಪ್ರಕಾರ ತಾವಾಗಿ ಆಟ ನಿಲ್ಲಿಸುವಂತಿಲ್ಲ. ಆದರೆ ಇಷ್ಟು ಚಿಕ್ಕ ಮಕ್ಕಳ ವಿಷಯದಲ್ಲಿ ತಾಯಿ ಬಂದು ಹುಷಾರಿಲ್ಲ ಎಂದರೆ ಗಡಿಯಾರ ನಿಲ್ಲಿಸುತ್ತಾರೆ. ಆಟ ಸೋತಂತೆ ಲೆಕ್ಕ.

"ಹೇಗಿದ್ರೂ..." ಎಂದು ಅವರು ಕಣ್ಣಿನಿಂದ ಇವಳ ಕೈಯಲ್ಲಿದ್ದ ಫೋನಿನ ಕಡೆ ತೋರಿಸಿದರು. "ಕಿಟಕಿ ಪಕ್ಕದ ಎರಡು ಆಟ ಮುಗೀತಿದೆ. ಸಹಿ ಹಾಕಿಸ್ಕೊಂಡು ಬರ್ತೀನಿ. ಅಷ್ಟರೊಳಗೆ ಹೇಳಿಬಿಡಿ."

ರುಸುದಾನ್ ತಲೆಯಾಡಿಸಿದಳು. ಹೇಳುವುದೇನಿದೆ, ಈಗಲೇ ಹೇಳಿಬಿಡಬಹುದಿತ್ತು. ಹೂಂ ಅಂದರೆ ಮುಗಿಯಿತು. ಮಗಳಿಗೆ ಕೋಟು ಹೊದಿಸಿ, ಕಿವಿ ಮುಚ್ಚುವಂತೆ ಟೋಪಿ ಎಳೆದು, ಬಸ್ಸು ಬೇಡ ಟ್ಯಾಕ್ಸಿಯೇ ಹಿಡಿದು ಮನೆಗೆ. ಹೇಗೂ ಸೋತ ಆಟಕ್ಕೆ ಯಾಕೆ ಆ ಎಳೇ ಪುಪ್ಪುಸ ಸವೆಯಬೇಕು. ಇನ್ನೊಂದು ಕೆಮ್ಮು ಕೇಳಿಸಿದ್ದರೆ ಅವಳು ಬಾಗಿಲು ತಳ್ಳಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು.

ಕೇಳಿಸಲಿಲ್ಲ. ಕೈಗೆ ಬೇರೆ ಕೆಲಸವಿಲ್ಲದೆ ಫೋನು ನೋಡಿದಳು. ಹೂಂ ಅನ್ನುವುದಕ್ಕೆ ಮುಂಚೆ ಇನ್ನೊಂದು ಸಲ ಖಾತ್ರಿ ಮಾಡಿಕೊಳ್ಳೋಣ ಎಂದು. ಆರು. ತೆಕ್ಲಾಳ ಮಂತ್ರಿ ಸರಿಯಿತು, ಕೇತೋಳ ಆನೆ ಸರಿಯಿತು. ಆರು. ಮಂತ್ರಿ ಹಲಗೆಯ ಆ ತುದಿಗೆ ಹೋಯಿತು. ಆರು. ಅವಳು ಹಿಂದಕ್ಕೆ ಸರಿಸಿ ಸರಿಸಿ ನೋಡಿದಳು. ಮಂತ್ರಿ ಬಿದ್ದಮೇಲೆ ಮೊದಲು ನಾಲ್ಕು ಕಾಯಿ ಅದಲುಬದಲಾಗಿ ಅಂಕಿ ಒಂದಿಷ್ಟು ಕುಣಿದಿತ್ತು. ಅದಾದಮೇಲೆ ಆರು, ಆರು, ಆರು. ಪರದೆಯ ಕೆಳಗೆ ಆಟದ ಏರಿಳಿತ ತೋರಿಸುವ ಗೆರೆ ಮೇಜಿನ ಅಂಚಿನಷ್ಟು ನೆಟ್ಟಗೆ ಓಡಿತ್ತು.

ಅವಳ ಕೈ ಅಲ್ಲೇ ನಿಂತಿತು. ಈ ಗೆರೆಯನ್ನು ಅವಳು ನೋಡಿದ್ದಳು, ಇಲ್ಲಿ ಅಲ್ಲ, ಲ್ಯಾಬಿನಲ್ಲಿ.

ಒಂದು ಸೋಮವಾರ ಪೊಟ್ಯಾಸಿಯಂ ಅಳೆಯುವ ಯಂತ್ರ ಬೆಳಗಿನಿಂದ ಎಲ್ಲರಿಗೂ ಒಂದೇ ಅಂಕಿ ಕೊಟ್ಟಿತ್ತು. ಮುದುಕನಿಗೆ, ಬಾಣಂತಿಗೆ, ಕಾಲು ಮುರಿದುಕೊಂಡು ಬಂದಿದ್ದ ಸೈನಿಕನಿಗೆ. ಒಂದೊಂದನ್ನೇ ನೋಡಿದರೆ ಯಾರೂ ಅನುಮಾನಿಸದ ಅಂಕಿ. ಸಾಲಾಗಿ ಬರೆಯುವಾಗ ಅವಳಿಗೆ ಮೈ ಜುಮ್ಮೆಂದಿತ್ತು. ರಕ್ತ ಹೀರುವ ನಳಿಕೆ ಕಟ್ಟಿಕೊಂಡಿತ್ತು. ಯಂತ್ರ ಯಾರನ್ನೂ ಅಳೆಯುತ್ತಿರಲಿಲ್ಲ, ತಾನು ಹೇಳಿದ್ದನ್ನೇ ಹೇಳುತ್ತಿತ್ತು. ಜೀವವಿರುವುದರ ಅಂಕಿ ಅಲುಗುತ್ತದೆ. ಗುಣವಾಗುವವರದು ಒಂದು ಕಡೆಗೆ, ಹೋಗುವವರದು ಇನ್ನೊಂದು ಕಡೆಗೆ. ತೆಕ್ಲಾ ನಿಜವಾಗಿ ಗೆಲ್ಲುತ್ತಿದ್ದರೆ ಇಷ್ಟು ಹೊತ್ತಿಗೆ ಆರು ಏಳಾಗಬೇಕಿತ್ತು, ಏಳು ಹತ್ತಾಗಬೇಕಿತ್ತು, ರಾಜ ಸಿಕ್ಕಿಬಿದ್ದ ಎಂದು ಪರದೆ ಹೇಳಬೇಕಿತ್ತು. ಮಂತ್ರಿ ಸುತ್ತಿ ಸುತ್ತಿ ಬರುತ್ತಿದೆ, ಆರು ಮಾತ್ರ ಆರೇ.

ಆಗ ರುಸುದಾನ್, ಎಷ್ಟೋ ತಿಂಗಳಲ್ಲಿ ಮೊದಲ ಸಲ, ಪಟ್ಟಿಯನ್ನು ಬಿಟ್ಟು ಹಲಗೆಯನ್ನು ನೋಡಿದಳು. ಕಾಯಿಗಳು ತೀರಾ ಕಡಿಮೆ ಉಳಿದಿದ್ದವು, ಅವಳಿಗೂ ಅರ್ಥವಾಗುವಷ್ಟು. ಮೂಲೆಯ ಪಕ್ಕದಲ್ಲಿ ಕೇತೋಳ ರಾಜ. ಅದರ ಮುಂದೆ ಹುಟ್ಟಿದ ಜಾಗ ಬಿಟ್ಟು ಕದಲದ ಒಂದು ಕಾಲಾಳು. ಆ ಕಾಲಾಳಿನ ಓರೆ ಕಾವಲಿನ ಎರಡು ಮನೆಗಳ ನಡುವೆ ಆನೆ, ಈ ಮನೆಗೊಮ್ಮೆ ಆ ಮನೆಗೊಮ್ಮೆ. ತೆಕ್ಲಾಳ ಮಂತ್ರಿ ಆನೆಯನ್ನು ಹೊಡೆದರೆ ಕಾಲಾಳು ಮಂತ್ರಿಯನ್ನೇ ಹೊಡೆಯುತ್ತದೆ. ತೆಕ್ಲಾಳ ರಾಜ ಹತ್ತಿರ ಬರೋಣವೆಂದರೆ ಆನೆ ಕಾಯುತ್ತಿರುವ ಸಾಲನ್ನು ದಾಟುವಂತಿಲ್ಲ. ಅವಳು ಬೆರಳಿಟ್ಟು ದಾರಿ ಹುಡುಕಿದಳು, ತಾನೇ ತೆಕ್ಲಾ ಎಂಬಂತೆ. ಸಿಗಲಿಲ್ಲ. ಆದರೆ ತನಗೆ ಸಿಗದಿದ್ದರೆ ಏನಾಯಿತು, ತನಗೆ ಚೆಸ್ ಎಲ್ಲಿ ಬರುತ್ತದೆ? ಎಂಜಿನ್ನಿಗೆ ಮಂತ್ರಿಯ ಬೆಲೆ ಗೊತ್ತು, ಆನೆಯ ಬೆಲೆ ಗೊತ್ತು, ಹೆಚ್ಚಿರುವವರು ಗೆಲ್ಲಬೇಕೆಂದೂ ಗೊತ್ತು. ಒಳಗೆ ಹೋಗುವ ಬಾಗಿಲು ಎಲ್ಲಿದೆ ಎಂದು ಅದು ತೋರಿಸುತ್ತಿಲ್ಲ. ಇಲ್ಲದ್ದಕ್ಕೆ ತೋರಿಸುತ್ತಿಲ್ಲವೋ, ಇನ್ನೂ ಕಂಡಿಲ್ಲದ್ದಕ್ಕೋ? ಲ್ಯಾಬಾಗಿದ್ದರೆ ಇನ್ನೊಂದು ಯಂತ್ರದಲ್ಲಿ ಹಾಕಿ ನೋಡಬಹುದಿತ್ತು. ಇಲ್ಲಿ ಇನ್ನೊಂದು ಯಂತ್ರವಿರಲಿಲ್ಲ.

ಬಾಗಿಲು ತೆರೆಯಿತು. ವಖ್ತಾಂಗ್ ನಿಂತು ಹುಬ್ಬೆತ್ತಿದರು.

ಬಾಯಿಗೆ ಬಂದದ್ದು ಹೂಂ ಎಂಬುದೇ. ತಡೆದುಕೊಂಡಳು. ಸೋಲು ಒಂದು, ಕೆಮ್ಮು ಒಂದು. ಪಟ್ಟಿ ಕುಸಿದ ಗಳಿಗೆಯಿಂದ ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕದಡಿದ್ದಳು. ಪಟ್ಟಿ ಸಮಸಮವಾಗಿದ್ದಿದ್ದರೆ ಇದೇ ಕೆಮ್ಮಿಗೆ ಏನು ಮಾಡುತ್ತಿದ್ದಳು? ಮೊದಲು ಉಸಿರು ಹೇಗಿದೆ ಎಂದು ಕೇಳುತ್ತಿದ್ದಳು.

"ಬಾತೋನೋ ವಖ್ತಾಂಗ್," ಅಂದಳು, ದೊಡ್ಡವರನ್ನು ಕರೆಯುವ ಮರ್ಯಾದೆಯಲ್ಲಿ, "ಒಂದುಪಕಾರ ಮಾಡಿ. ಹತ್ತಿರ ಹೋಗಿ ನೋಡ್ಕೊಂಡು ಬನ್ನಿ. ಉಸಿರು ತಗೋವಾಗ ಹೆಗಲು ಮೇಲೆ ಏಳ್ತಿದೆಯಾ, ಕತ್ತಿನ ಗುಳಿ ಒಳಗೆ ಹೋಗ್ತಿದೆಯಾ, ತುಟಿ ಬಣ್ಣ ಹೇಗಿದೆ. ನೀರು ಬೇಕಾ ಅಂತ ಕೇಳಿ. ಒಂದೇ ಉಸಿರಲ್ಲಿ ಉತ್ತರ ಹೇಳ್ತಾಳಾ ನೋಡಿ."

"ನೀವೇ ಬಂದು ನೋಡಬಹುದಲ್ಲ. ತಾಯಿಗೆ ಅಷ್ಟು ಬಿಡ್ತೀವಿ."

ಹೆಜ್ಜೆ ಮುಂದೆ ಹೋಗಿಯೇಬಿಟ್ಟಿತ್ತು. ಆದರೆ ತನ್ನ ಮುಖ ಅವಳಿಗೆ ಗೊತ್ತಿತ್ತು. ಜ್ವರ ನೋಡುವಾಗ ಅಂಕಿಗಿಂತ ಮುಂಚೆ ಮಗಳು ಓದುತ್ತಿದ್ದದ್ದು ಆ ಮುಖವನ್ನೇ. ಈಗ ಅದನ್ನು ಹೊತ್ತುಕೊಂಡು ಒಳಗೆ ಹೋದರೆ, ಆರು ಎಂದು ಕೂಗಿ ಹೇಳಿದ ಹಾಗೆಯೇ.

"ಬೇಡ," ಅಂದಳು. "ನೀವೇ ನೋಡಿ."

ವಖ್ತಾಂಗ್ ಹೋದರು. ಗಾಜಿನಲ್ಲಿ ಅವರ ಬೆನ್ನು ಮಗಳನ್ನು ಪೂರ್ತಿ ಮರೆಮಾಡಿತು. ರುಸುದಾನ್ ಉಗುರು ಕಚ್ಚುತ್ತ ನಿಂತಳು. ಎಷ್ಟು ಹೊತ್ತು ನೋಡುತ್ತಾರೆ ಇವರು? ಇಷ್ಟು ಹೊತ್ತು ನೋಡುವಂಥದ್ದು ಏನಿದೆ? ಕಡೆಗೂ ಅವರು ಬಂದಾಗ ಮುಖದಲ್ಲಿ ಒಂಥರ ನಗುವಿತ್ತು.

"ಹೆಗಲು ನೆಟ್ಟಗಿದೆ. ತುಟಿ ಕೆಂಪಗಿದೆ. ನೀರು ಬೇಕಾ ಮಗು ಅಂದ್ರೆ, ಬೇಡ, ನೀವು ಬೆಳಕಿಗೆ ಅಡ್ಡ ನಿಂತಿದೀರ ಅಂದ್ಲು. ಒಂದೇ ಉಸಿರಲ್ಲಿ."

"ಹಾಗಾದ್ರೆ ಆಡ್ಲಿ," ಅಂದಳು ರುಸುದಾನ್. ಹೇಳಿದ ಮರುಗಳಿಗೆಯೇ ತಪ್ಪು ಮಾಡಿದೆನೇನೋ ಅನ್ನಿಸಿತು.

ಗೋಚಾ ಕಿವಿಗೊಟ್ಟು ಕೇಳುತ್ತಿದ್ದವನು ಕೈಯಲ್ಲಿದ್ದ ಅಕ್ರೋಟನ್ನು ಒಡೆಯದೆ ಜೇಬಿಗೆ ಹಾಕಿಕೊಂಡ. "ಆಡಿಸ್ತೀರಾ? ಇನ್ನೂ?" ಅಂದ.

ಅದಾದಮೇಲಿನ ಹೊತ್ತೇ ಹೊತ್ತು. ಬೇರೆ ಮಕ್ಕಳು ಒಬ್ಬೊಬ್ಬರಾಗಿ ಹೊರಬಂದರು, ಕೆಲವರು ಅಳುತ್ತ, ಕೆಲವರು ಕುಣಿಯುತ್ತ. ಹಜಾರ ಖಾಲಿಯಾಗುತ್ತ ಬಂತು. ಒಮ್ಮೆ ಅಂಕಿ ಆರೂವರೆಗೆ ಏರಿತು. ಬಾಗಿಲು ಸಿಕ್ಕಿತೇ ಆ ಯಂತ್ರಕ್ಕೆ? ತೆಕ್ಲಾ ಮಂತ್ರಿಯನ್ನು ಹಿಂದಕ್ಕೆ ಕರೆಸಿಕೊಂಡಳು, ಅಂಕಿ ಮತ್ತೆ ಆರಕ್ಕೆ ಬಂತು. ತನ್ನಲ್ಲಿ ಉಳಿದಿದ್ದ ಒಂದೇ ಕಾಲಾಳನ್ನು ತೆಕ್ಲಾ ಮುಂದಕ್ಕೆ ತಳ್ಳಿ ನೋಡಿದಳು, ಅದೂ ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿತು. ಆನೆ ಎಡಕ್ಕೆ. ಆನೆ ಬಲಕ್ಕೆ. ಗಾಜಿನಾಚೆ ತೆಕ್ಲಾ ಜಡೆಯ ತುದಿಯನ್ನು ಬಾಯಲ್ಲಿಟ್ಟು ಅಗಿಯುತ್ತಿದ್ದಳು. ರುಸುದಾನ್ ಫೋನು ನೋಡುವುದನ್ನು ಬಿಟ್ಟು ಮಗಳ ಹೆಗಲನ್ನೇ ನೋಡುತ್ತ ನಿಂತಳು, ಅದು ಏಳುತ್ತದೆಯೇ, ಏಳುತ್ತದೆಯೇ ಎಂದು. ಎದ್ದರೆ ಒಳಗೆ ನುಗ್ಗುವುದೇ ಸೈ. ಕಾಲು ಜೋಮು ಹಿಡಿಯಿತು. ಗೋಚಾ ಕೂಡ ಎದ್ದು ಬಂದು ಪಕ್ಕದಲ್ಲಿ ನಿಂತ.

"ಆರು ಅನ್ನುತ್ತಲ್ಲ ಇದು," ಎಂದು ಅವನು ಫೋನಿಗೇ ಹೇಳಿದ. "ಆರು ಇದ್ದಮೇಲೆ ಹೊಡೀಬೇಕಪ್ಪ. ಯಾಕೆ ಹೊಡೀತಿಲ್ಲ ಇವ್ಳು?"

ಒಳಗೆ ತೆಕ್ಲಾ ಹಲಗೆಯ ಮೇಲೆ ಕೈ ಚಾಚಿದಳು. ಕಾಯಿ ನಡೆಸುವುದಕ್ಕೆಂದು ಗೋಚಾ ಅಂದುಕೊಂಡ, ರುಸುದಾನಳೂ ಹಾಗೆಯೇ ಅಂದುಕೊಂಡಳು. ಕೇತೋ ಆ ಕೈಯನ್ನು ಹಿಡಿದು ಕುಲುಕಿದಳು. ವಖ್ತಾಂಗ್ ಬಂದು ಗಡಿಯಾರ ನಿಲ್ಲಿಸಿದರು. ಫೋನಿನಲ್ಲಿ ಆರು ಹೋಗಿ ಇಬ್ಬರ ಹೆಸರಿನ ಮುಂದೆಯೂ ಅರ್ಧ ಎಂದು ಬಂತು, ಡ್ರಾ. ಗೋಚಾ ಫೋನನ್ನು ಒಮ್ಮೆ ಅಲ್ಲಾಡಿಸಿ, ಮತ್ತೆ ನೋಡಿ, ಮಗಳ ಕೋಟು ತೆಗೆದುಕೊಂಡು ಬಾಗಿಲ ಬಳಿ ಹೋಗಿ ನಿಂತ. ತೆಕ್ಲಾ ಬಂದು ಅವನ ಹೊಟ್ಟೆಗೆ ಮುಖ ಒತ್ತಿ ಅತ್ತಳು. ಅವನ ದೊಡ್ಡ ಅಂಗೈ ಅವಳ ತಲೆಯ ಮೇಲೆ ಸುಮ್ಮನೆ ಇತ್ತು.

ಕೇತೋ ಕುಣಿಯಲಿಲ್ಲ. ಬಂದವಳೇ ಕೈಚೀಲಕ್ಕೆ ಕೈಹಾಕಿ ಬೆಳಿಗ್ಗೆ ಕಟ್ಟಿತಂದಿದ್ದ ಚೀಸಿನ ರೊಟ್ಟಿ ಹುಡುಕಿದಳು. ರುಸುದಾನ್ ಅಲ್ಲೇ ಮಂಡಿಯೂರಿ ಅವಳ ಬೆನ್ನಿಗೆ ಕಿವಿಯಿಟ್ಟಳು. ಸಿಳ್ಳೆಯಿಲ್ಲ. ಮತ್ತೊಮ್ಮೆ ಕೇಳಿದಳು. ಇಲ್ಲ.

"ಬಿಡು ಅಮ್ಮ, ಎಲ್ಲಾ ನೋಡ್ತಿದಾರೆ."

ಹೊರಗೆ ಮೆಟ್ಟಿಲಿಳಿಯುವಾಗ, ರೊಟ್ಟಿ ಅರ್ಧ ಮುಗಿದಮೇಲೆ, ಕೇತೋ ತಾನಾಗಿಯೇ ಶುರುಮಾಡಿದಳು.

"ಮೊದಲ್ನೇ ಕೆಮ್ಮು ನಿಜವಾದ್ದು."

ರುಸುದಾನ್ ನಿಂತಳು.

"ಎರಡನೇದು ನಿನಗೆ ಕೇಳ್ಲಿ ಅಂತ. ಮಂತ್ರಿ ಹೋದ್ಮೇಲೆ ನಂಗೆ ಅಲ್ಲಿ ಕೂರೋಕೇ ಆಗ್ತಿರ್ಲಿಲ್ಲ. ನೀನು ಬರ್ತೀಯ, ಮನೆಗ್ ಹೋಗೋಣ ಅಂತೀಯ ಅಂತ ಕಾಯ್ತಿದ್ದೆ. ನೀನ್ ಬರೋತನಕ ಏನಾದ್ರೂ ಆಡ್ಬೇಕಲ್ಲ, ಅದಕ್ಕೆ ಆನೇನ ಸುಮ್ನೆ ಆ ಕಡೆ ಈ ಕಡೆ ಇಡ್ತಾ ಇದ್ದೆ." ಅವಳು ಬಾಯಲ್ಲಿದ್ದದ್ದನ್ನು ನುಂಗಿದಳು. "ಆಮೇಲೆ ನೋಡ್ತೀನಿ, ತೆಕ್ಲಾಗೆ ಒಳಗ್ ಬರೋಕೇ ಆಗ್ತಿಲ್ಲ."

ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ರುಸುದಾನ್ ಮಗಳ ಟೋಪಿಯನ್ನು ಕಿವಿಯ ಮೇಲೆ ಎಳೆಯಲು ಹೋಗಿ ಕೈಯನ್ನು ಹಾಗೆಯೇ ಇಟ್ಟುಕೊಂಡಳು.

"ಕೆಮ್ಮಿದ್ರೆ ನೀನು ಯಾವಾಗ್ಲೂ ಬರ್ತೀಯ," ಅಂದಳು ಕೇತೋ. ದೂರುವ ದನಿಯಲ್ಲ, ತಿಳಿದುಕೊಳ್ಳುವ ದನಿ. "ಇವತ್ತು ಯಾಕೆ ಬರ್ಲಿಲ್ಲ?"

ಯಂತ್ರದ ನಳಿಕೆ, ನೆಟ್ಟಗಿನ ಗೆರೆ, ಕತ್ತಿನ ಗುಳಿ, ಎಲ್ಲವೂ ಒಟ್ಟಿಗೆ ನೆನಪಿಗೆ ಬಂದವು. ಅದರಲ್ಲಿ ಒಂದೂ ಹನ್ನೊಂದು ವರ್ಷದ ಹುಡುಗಿಗೆ ಹೇಳುವಂತಿರಲಿಲ್ಲ.

"ಬರ್ತಿದ್ದೆ ಕಣಮ್ಮಾ," ಅಂದಳು ರುಸುದಾನ್. "ಇನ್ನೇನು ಬರ್ತಿದ್ದೆ."